ಕೊರಡಿನ ಮುಂದೆ ಕಡ್ಡಿ

ಭಾಂಡುಪ್‌ನಲ್ಲಿ ಮಳೆ ಹಿಡಿದರೆ ಮನೆಯ ಗೋಡೆಗೂ ಒಂದು ವಾಸನೆ ಹತ್ತಿಕೊಳ್ಳುತ್ತದೆ. ಪಶ್ಚಿಮಕ್ಕೆ ಗುಡ್ಡ, ಅದರ ಬೆನ್ನಿಗೆ ರಾಷ್ಟ್ರೀಯ ಉದ್ಯಾನದ ಕಾಡು. ಪೂರ್ವಕ್ಕೆ ಉಪ್ಪಿನ ಗದ್ದೆ, ಠಾಣೆಯ ಖಾಡಿ. ನಡುವೆ ಸಿಕ್ಕಿಕೊಂಡ ನಮ್ಮ ಮನೆಗಳಲ್ಲಿ ಜೂನ್‌ನಿಂದ ಚೌತಿಯ ತನಕ ಹಗ್ಗದ ಮೇಲಿನ ಬಟ್ಟೆ ಒಣಗುವುದಿಲ್ಲ, ಬೆಂಕಿಪೊಟ್ಟಣ ಮೊದಲ ಗೀರಿಗೆ ಹೊತ್ತುವುದಿಲ್ಲ. ಹಾಗಾಗಿ ಸಂಜೆ ದೇವರ ಮುಂದೆ ದೀಪ ಹಚ್ಚಿ ಒಂದು ಊದುಬತ್ತಿ ಉರಿಸುವುದು ಈ ನಾಲ್ಕು ತಿಂಗಳು ಪೂಜೆಯೂ ಹೌದು, ಮನೆಯನ್ನು ಮತ್ತೆ ಮನೆ ಮಾಡಿಕೊಳ್ಳುವ ದಾರಿಯೂ ಹೌದು.

ಕಳೆದ ಮಳೆಗಾಲದ ಒಂದು ಸಂಜೆ ಹಾಗೆಯೇ ಕಡ್ಡಿ ಹಚ್ಚಿ ಸಿಕ್ಕಿಸಿದೆ. ಹೊಸ ಪೊಟ್ಟಣ. ಮೇಲೆ ಗಂಧದ ತುಂಡುಗಳ ಚಿತ್ರ, ಮೂರು ಲಿಪಿಗಳಲ್ಲಿ ಚಂದನ ಎಂಬ ಹೆಸರು. ಮಂಚದ ಮೇಲೆ ಒರಗಿದ್ದ ಅತ್ತೆ ಎರಡು ಸಲ ಮೂಗೆಳೆದು ಹೇಳಿದರು: "ಇದು ಗಂಧ ಅಲ್ಲ ಮಾರಾಯ್ತಿ. ಹೆಸರು ಮಾತ್ರ ಗಂಧ."

ಎಂಬತ್ತು ದಾಟಿದ ಅತ್ತೆಗೆ ಈಗ ಕಣ್ಣು ಮಂಜು, ಕಿವಿಯೂ ಅಷ್ಟಕ್ಕಷ್ಟೆ. ಮೂಗು ಮಾತ್ರ ಕಾರ್ಕಳದ ಮನೆಯಲ್ಲಿ ಇದ್ದಾಗಿನದೇ. ದೇವರ ಗೂಡಿನ ಕೆಳಗಿನ ಡಬ್ಬಿಯಿಂದ ಕೊರಡು ತೆಗೆಯಲು ಹೇಳಿದರು. ಮಾವ ಎಲ್‌ಬಿಎಸ್ ಮಾರ್ಗದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಸೇರಿ ಮುಂಬಯಿಗೆ ಬಂದಾಗ ಟ್ರಂಕಿನಲ್ಲಿ ಬಂದ ಗಂಧದ ಕೊರಡು ಅದು. ದಿನವೂ ದೇವರಿಗೆ ತೇದು ತೇದು ಈಗ ಹೆಬ್ಬೆರಳಿನಷ್ಟು ಉಳಿದಿದೆ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ನಾನೇ ತೇದೆ. ಅತ್ತೆ ಒಂದಿಷ್ಟು ನನ್ನ ಮಣಿಕಟ್ಟಿಗೆ ಹಚ್ಚಿ, "ಈಗ ಮೂಸು" ಅಂದರು.

ಕಡ್ಡಿಯ ಪರಿಮಳ ಆಗಲೇ ಬಾಗಿಲು ದಾಟಿ ಪಕ್ಕದ ಮನೆಯ ತನಕ ಹೋಗಿತ್ತು. ಕೊರಡಿನ ಗಂಧ ಎಲ್ಲಿಗೂ ಹೋಗಲಿಲ್ಲ. ಮಣಿಕಟ್ಟನ್ನು ಮೂಗಿನ ಹತ್ತಿರ ತಂದರೆ ಮಾತ್ರ ಇತ್ತು: ಕಾಯಿಸಿದ ಹಾಲಿನಂಥ ಮೆದು, ಒಳಗೆ ಸ್ವಲ್ಪ ಒಗರು, ಅದಕ್ಕೂ ಒಳಗೆ ಮರ. ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆದು ಬಂದ ಮೇಲೂ ಮಣಿಕಟ್ಟಿನಲ್ಲಿ ಉಳಿದಿತ್ತು. ಕಡ್ಡಿಯದು ಅಷ್ಟು ಹೊತ್ತಿಗೆ ಹಳಸಿ ತಲೆ ಹಿಡಿಯುವಂತಾಗಿತ್ತು. ಮೂವತ್ತು ವರ್ಷ ಈ ಮನೆಯಲ್ಲಿ ನಾನು ಗಂಧವೆಂದು ಹಚ್ಚಿದ್ದು ಏನನ್ನು ಎಂಬ ಪ್ರಶ್ನೆ ಆ ರಾತ್ರಿ ನನ್ನನ್ನು ಬಿಡಲಿಲ್ಲ.

ಮರುದಿನ ಸ್ಟೇಷನ್ ರಸ್ತೆಯ ಪೂಜಾ ಸಾಮಗ್ರಿಯ ಅಂಗಡಿಗೆ ಹೋದೆ. "ಚಂದನ ಪಾಹಿಜೆ ಕಾ, ತಾಯಿ?" ಅಂದ ಅಂಗಡಿಯವರು ಏಳೆಂಟು ಬಗೆ ಹರಡಿದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಬೆಲೆ ಇಪ್ಪತ್ತರಿಂದ ಎಂಬತ್ತು ರೂಪಾಯಿ. ಇದರಲ್ಲಿ ನಿಜವಾದ ಚಂದನದ ಎಣ್ಣೆ ಇದೆಯೇ ಎಂದು ಕೇಳಿದೆ. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಈ ಬೆಲೆಗೆ ಹೇಗೆ ಬರುತ್ತದೆ, ನೀವೇ ಲೆಕ್ಕ ಹಾಕಿ ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಕಡ್ಡಿಯ ಮೇಲಿನ ಹಿಟ್ಟು ಒಂದೊಂದಕ್ಕೆ ಒಂದು ಗ್ರಾಂ ಎಂದಿಟ್ಟುಕೊಳ್ಳೋಣ. 20 ಕಡ್ಡಿಗೆ 20 ಗ್ರಾಂ. ಅದರಲ್ಲಿ ನೂರಕ್ಕೆ ಐದು ಪಾಲು ಗಂಧದೆಣ್ಣೆ ಎಂದರೆ ಒಂದು ಗ್ರಾಂ. ಶುದ್ಧ ಶ್ರೀಗಂಧದ ಎಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟಿ ಬಹಳ ಕಾಲವಾಯಿತು. ಬರೀ ಒಂದು ಲಕ್ಷ ಎಂದೇ ಹಿಡಿದರೂ ಆ ಒಂದು ಗ್ರಾಂಗೆ ನೂರು ರೂಪಾಯಿ. ಬಿದಿರು, ಕೂಲಿ, ಪೊಟ್ಟಣ, ಸಾಗಣೆ, ಅಂಗಡಿಯವರ ಲಾಭ ಇನ್ನೂ ಸೇರಿಲ್ಲ. ನಲವತ್ತು ರೂಪಾಯಿಯ ಪೊಟ್ಟಣದಲ್ಲಿ ಗಂಧ ಹುಡುಕುವುದು ನಮ್ಮದೇ ತಪ್ಪು.

ಹಾಗಾದರೆ ಅದರಲ್ಲಿ ಇರುವುದೇನು? ಬಿದಿರಿನ ಕಡ್ಡಿ, ಅದರ ಮೇಲೆ ಇದ್ದಿಲ ಪುಡಿ ಮತ್ತು ಮರದ ಪುಡಿ, ಅಂಟಿಗೆ ಜಿಗಟು. ಹೀಗೆ ಹೊಸೆದ ಕಪ್ಪು ಕಡ್ಡಿಗೆ ಪರಿಮಳವೇ ಇರುವುದಿಲ್ಲ. ಆಮೇಲೆ ಅದನ್ನು ಸುಗಂಧದ ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಸುಗಂಧವನ್ನು ತೆಳು ಮಾಡಲು ಹೆಚ್ಚಾಗಿ ಬಳಸುವುದು ಡೈಈಥೈಲ್ ಥ್ಯಾಲೇಟ್ ಎಂಬ ವಾಸನೆಯಿಲ್ಲದ ದ್ರವ. ಚಂದನದ ವಾಸನೆ ಕೊಡುವ ಕೃತಕ ವಸ್ತುಗಳಲ್ಲಿ ಹಲವು ಹುಟ್ಟುವುದು ಪೈನ್ ಮರದ ಟರ್ಪೆಂಟೈನ್‌ನಿಂದ. ಇವತ್ತು ನಾವು ಆರತಿಗೆ ಹಚ್ಚುವ ಕರ್ಪೂರವೂ ಬಹುಪಾಲು ಅದೇ ಟರ್ಪೆಂಟೈನ್‌ನಿಂದ ತಯಾರಾದದ್ದು. ದೇವರ ಮುಂದಿನ ಗಂಧ, ಕರ್ಪೂರ ಎರಡೂ ಹೀಗೆ ಒಂದೇ ಪೈನ್ ಮರದ ಮಕ್ಕಳು ಎಂದು ತಿಳಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಕೃತಕವಾದದ್ದೆಲ್ಲ ಕೆಟ್ಟದ್ದು ಎಂಬ ಮಾತು ನನ್ನದಲ್ಲ. ನಮ್ಮ ಸಾಬೂನು, ಅತ್ತರು, ಮಿಠಾಯಿಗಳಲ್ಲೆಲ್ಲ ಅಂಥ ಪರಿಮಳಗಳಿವೆ, ಅವುಗಳ ಹಿಂದೆ ದೊಡ್ಡ ವಿದ್ಯೆಯಿದೆ. ನನಗೆ ನೋವಾದದ್ದು ಹೆಸರಿನಲ್ಲಿ. ಊದುಬತ್ತಿ ಎಂಬ ಮಾತಿನಲ್ಲಿರುವ ಊದು ಅರಬ್ಬಿಯ ಊದ್, ಅಂದರೆ ಮರ, ಅಗರುಮರ. ಅಗರಬತ್ತಿಯಲ್ಲೂ ಅದೇ ಅಗರು. ಅಸ್ಸಾಮಿನ ಕಡೆಯ ಆ ದುಬಾರಿ ಮರ ನಮ್ಮ ಕಡ್ಡಿಗಳಲ್ಲಿ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಆ ಹೆಸರು ಈಗ ಬರೀ ಹೆಸರು. ಆದರೆ ಕನ್ನಡದಲ್ಲಿ ನಾವು ಇದಕ್ಕೆ ಗಂಧದಕಡ್ಡಿ ಎನ್ನುತ್ತೇವೆ. ನಮ್ಮ ನೆಲದ ಮರದ ಹೆಸರನ್ನು ಇಟ್ಟು ಕರೆದಿದ್ದೇವೆ. ಆ ಹೆಸರಿಗೆ ನಾವಾದರೂ ಲೆಕ್ಕ ಕೇಳಬೇಡವೇ?

ಜಿಗಟಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನೀರು ಬಿದ್ದರೆ ಲೋಳೆಯಾಗುವ ಈ ಪುಡಿ ಕೆಲವು ಮರಗಳ ತೊಗಟೆಯದು. ನಮ್ಮ ಘಟ್ಟದ ಗುಳಮಾವು ಅವುಗಳಲ್ಲಿ ಒಂದು. ತೊಗಟೆಯನ್ನು ಸುತ್ತಲೂ ಸುಲಿದರೆ ನಿಂತ ಮರ ನಿಂತಲ್ಲೇ ಒಣಗುತ್ತದೆ. ಗಂಧದ ಮರ ಕದ್ದರೆ ಸುದ್ದಿಯಾಗುತ್ತದೆ. ಗುಳಮಾವಿನ ತೊಗಟೆ ಹೋದರೆ ಕಾಡಿನ ಪಕ್ಕದ ಊರಿನವರ ಹೊರತು ಯಾರಿಗೂ ತಿಳಿಯುವುದಿಲ್ಲ. ಜಪಾನಿನ ಧೂಪಕಡ್ಡಿಗೆ ಅಂಟಾಗುವ ತಬು ಮರವೂ ಈ ಗುಳಮಾವಿನ ದಾಯಾದಿಯೇ. ಅಲ್ಲಿಯ ಕಡ್ಡಿಯ ಒಳಗೆ ಬಿದಿರು ಇರುವುದಿಲ್ಲ, ಇಡೀ ಕಡ್ಡಿ ಪರಿಮಳದ ಹಿಟ್ಟೇ. ಅವರ ಚಂದನದ ಕಡ್ಡಿಗೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಮರ ಎಂದು ಅವರು ಕಾಣುವುದು ಮೈಸೂರಿನ ಗಂಧವನ್ನು.

ಮೈಸೂರಿಗೂ ಗಂಧಕ್ಕೂ ಇರುವ ನಂಟು ಶಾಲೆಯ ಪುಸ್ತಕದಲ್ಲೇ ಓದಿದ್ದೇವೆ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ. ಆಮೇಲೆ ಒಡೆಯರ ಕಾಲದಲ್ಲೂ ಮರ ಸರಕಾರದ್ದೇ. ಮೊದಲ ಮಹಾಯುದ್ಧ ಬಂದು ಜರ್ಮನಿಗೆ ಹೋಗುತ್ತಿದ್ದ ಗಂಧದ ಮರ ನಿಂತುಹೋದಾಗ, ಎಣ್ಣೆಯನ್ನು ಇಲ್ಲೇ ಯಾಕೆ ಇಳಿಸಬಾರದು ಎಂಬ ಯೋಚನೆ ಬಂತು. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗ ಮಾಡಿ ತೋರಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ, ಮೈಸೂರಿನ ಎಣ್ಣೆ ಕಾರ್ಖಾನೆ ಶುರುವಾಯಿತು, 1944ರಲ್ಲಿ ಶಿವಮೊಗ್ಗದ್ದು. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಬಂತು. ಆ ಪಟ್ಟ ಹೊಸೆಯುವ ಊರಿಗೂ ಕಸುಬಿಗೂ ಸಂದದ್ದು. ಪೊಟ್ಟಣದೊಳಗೆ ಗಂಧ ಎಷ್ಟಿದೆ ಎಂಬುದಕ್ಕೆ ಅದರಿಂದ ಉತ್ತರ ಸಿಗದು.

ಗಂಧ ಯಾಕಿಷ್ಟು ತುಟ್ಟಿ ಎಂಬುದಕ್ಕೆ ಮರವೇ ಉತ್ತರ. ಬೆಳೆಯುವಾಗ ಅದರ ಬೇರು ಪಕ್ಕದ ಗಿಡಗಳ ಬೇರಿಗೆ ಬಾಯಿ ಹಾಕಿ ಅನ್ನ ಪಡೆಯುತ್ತದೆ. ಒಂಟಿಯಾಗಿ ನೆಟ್ಟರೆ ಏಳುವುದಿಲ್ಲ. ಹೊರಗಿನ ಬಿಳಿಮರಕ್ಕೆ ಪರಿಮಳವಿಲ್ಲ. ಪರಿಮಳ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಕಟ್ಟಲು ತೊಡಗುವುದಕ್ಕೇ ಹತ್ತು ಹದಿನೈದು ವರ್ಷ ಬೇಕು, ಬಲಿಯಲು ಮೂವತ್ತಾದರೂ ಆಗಬೇಕು. ಬೇರಿನಲ್ಲೇ ಎಣ್ಣೆ ಹೆಚ್ಚಾದ್ದರಿಂದ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಕೀಳುತ್ತಾರೆ. ಅಂಥ ಚೇಗು ನೂರು ಕಿಲೋ ಹಬೆಯಲ್ಲಿ ಬೆಂದರೆ ನಾಲ್ಕೈದು ಕಿಲೋ ಎಣ್ಣೆ. ಆ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಸ್ಯಾಂಟಲಾಲ್ ಎಂಬ ಭಾರದ ವಸ್ತು. ಭಾರವಾದ್ದರಿಂದ ಬೇಗ ಹಾರುವುದಿಲ್ಲ. ಅತ್ತೆ ನನ್ನ ಮಣಿಕಟ್ಟಿಗೆ ಹಚ್ಚಿದ್ದು ಮಲಗುವ ಹೊತ್ತಿನ ತನಕ ಉಳಿದದ್ದು, ಬಾಗಿಲು ದಾಟದೆ ಇದ್ದದ್ದು, ಎರಡಕ್ಕೂ ಕಾರಣ ಇದೇ.

2001ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿ, ಜಮೀನಿನಲ್ಲಿ ಬೆಳೆದ ಗಂಧದ ಮರ ರೈತನದೇ ಎಂದಿತು. ಅದಕ್ಕೂ ಮೊದಲು ಹಿತ್ತಿಲಲ್ಲಿ ಗಂಧದ ಸಸಿ ಹುಟ್ಟಿದರೆ ಕಿತ್ತೆಸೆಯುತ್ತಿದ್ದರು ಎಂದು ಅತ್ತೆಯೇ ಹೇಳಿದ್ದುಂಟು. ಆಮೇಲೆ ನೆಟ್ಟ ಮರಗಳಿಗೆ ಈಗಷ್ಟೇ ಚೇಗು ಕಟ್ಟುವ ವಯಸ್ಸು.

ಹಿಂದೆ ಘಟ್ಟದ ಮೇಲಿನ ಗಂಧ ಮಂಗಳೂರಿಗೆ ಇಳಿದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಬರುತ್ತಿತ್ತು. ಇಲ್ಲಿಂದ ಅರಬರ ಕಡೆಗೂ ಚೀನಕ್ಕೂ ಹೋಗುತ್ತಿತ್ತು. ನಮ್ಮ ಹಿರಿಯರು ಹೋಟೆಲು, ಕ್ಯಾಂಟೀನುಗಳ ಕೆಲಸಕ್ಕೆ ಅದೇ ಮಂಗಳೂರಿನಿಂದ ಅದೇ ಸಮುದ್ರದ ಮೇಲೆ ಬಂದವರು. ನಮಗಿಂತ ಮುಂಚೆ ಈ ಊರಿಗೆ ಬಂದ ಊರಿನವರು ಯಾರು ಎಂದರೆ ಗಂಧ ಎನ್ನಬಹುದು. ಅದು ಇವತ್ತಿಗೂ ಇಲ್ಲಿ ಎಲ್ಲೋ ಉಳಿದಿರಬೇಕು ಎನ್ನಿಸಿ ಒಂದು ದಿನ ಸ್ಲೋ ಲೋಕಲ್ ಹತ್ತಿದೆ.

ಸಿಕ್ಕಿದ್ದು ಪ್ರಿನ್ಸೆಸ್ ಸ್ಟ್ರೀಟಿನಲ್ಲಿ. ಮುಂಬಯಿಯಲ್ಲಿ ಪಾರ್ಸಿಗಳ ನಾಲ್ಕು ಆತಶ್ ಬೆಹರಾಮ್‌ಗಳಿವೆ; ಅತಿ ಪವಿತ್ರವಾದ ಅಗ್ನಿಯನ್ನು ಕಾಯುವ ಮಂದಿರಗಳವು. 1830ರ ವಾಡಿಯಾಜಿ, 1897ರ ಅಂಜುಮನ್ ಎರಡೂ ಆ ಬೀದಿಯ ಆಸುಪಾಸಿನಲ್ಲೇ. ಒಳಗಿನ ಬೆಂಕಿಗೆ ಪಾರ್ಸಿಗಳು ಅರ್ಪಿಸುವುದು ಸುಖಡ್, ಅಂದರೆ ಗಂಧದ ಚಕ್ಕೆ. ನಾವು ಕೊರಡನ್ನು ನೀರಿನಲ್ಲಿ ತೇಯುತ್ತೇವೆ, ಅವರು ಚಕ್ಕೆಯನ್ನು ಬೆಂಕಿಗೆ ಕೊಡುತ್ತಾರೆ. ಅನ್ಯರಿಗೆ ಒಳಗೆ ಪ್ರವೇಶವಿಲ್ಲ. ಹೊರಗೆ ಸುಖಡ್ ಮಾರುವ ಅಂಗಡಿಯ ಮುಂದೆ ನಿಂತೆ. ಮುದುಕರೊಬ್ಬರು ನನ್ನ ಪ್ರಶ್ನೆ ಕೇಳಿ, ಎರಡು ಚಕ್ಕೆ ಕೈಗಿತ್ತರು. ಒಂದು ನಮ್ಮ ಶ್ರೀಗಂಧ. ಇನ್ನೊಂದು ಆಸ್ಟ್ರೇಲಿಯದ ಬೇರೆ ಜಾತಿಯ ಗಂಧ, ನೋಡಲು ಅದರಂತೆಯೇ. ಉಗುರಿನಿಂದ ಕೆರೆದು ಮೂಸಿದೆ. ಮೊದಲನೆಯದರಲ್ಲಿ ಅತ್ತೆಯ ಕೊರಡು ಇತ್ತು. ಎರಡನೆಯದರಲ್ಲಿ ಬರೀ ಒಣ ಮರ, ಸ್ವಲ್ಪ ಕಟುವಾದ ವಾಸನೆ. ಈಗ ಬೆಲೆಯಿಂದಾಗಿ ಎಲ್ಲರೂ ಒಳ್ಳೆಯದನ್ನು ಕೊಳ್ಳಲಾರರು, ಚಿಕ್ಕ ಚೂರಾದರೂ ಅದೇ ಇರಲಿ ಎನ್ನುವವರೂ ಇದ್ದಾರೆ ಎಂದರು. ಚಿಕ್ಕ ಚೂರಾದರೂ ಅದೇ ಇರಲಿ. ವಾಪಸು ಬರುವಾಗ ರೈಲಿನಲ್ಲಿ ಆ ಮಾತೇ ತಲೆಯಲ್ಲಿ ತಿರುಗುತ್ತಿತ್ತು.

ಕಡ್ಡಿ ಸಿಕ್ಕಿದ್ದು ಮಾತ್ರ ಮಾಟುಂಗದಲ್ಲಿ. ಬಾಳೆಲೆ, ಮಲ್ಲಿಗೆ ದಂಡೆ, ಕಾಪಿಪುಡಿ ಎಲ್ಲ ಸಿಗುವ ಆ ಬೀದಿಗಳಲ್ಲಿ ಒಂದು ಅಂಗಡಿಯ ಮೇಲಿನ ಕಪಾಟಿನಿಂದ ಇಳಿದು ಬಂತು. ಹತ್ತು ಕಡ್ಡಿಗೆ ಇನ್ನೂರೈವತ್ತು ರೂಪಾಯಿ. ಕಪ್ಪು ಬಣ್ಣದ್ದಲ್ಲ, ಮಾಸಲು ಕಂದು. ಕೈಗೆ ಜಿಡ್ಡು ಹತ್ತಲಿಲ್ಲ. ಬೆರಳಿನಿಂದ ಉಜ್ಜಿದರೆ ಸಣ್ಣ ಪುಡಿ ಉದುರಿತು. ಅದ್ದಿ ತೆಗೆದ ಕಡ್ಡಿ ಇದಲ್ಲ, ಹಿಟ್ಟಿನಲ್ಲೇ ಪರಿಮಳ ಕಲಸಿ ಹೊಸೆದದ್ದು. ಇದಕ್ಕೆ ಮಸಾಲ ಬತ್ತಿ ಎನ್ನುತ್ತಾರೆ. ಪೊಟ್ಟಣ ತೆರೆದಾಗ ಪರಿಮಳ ಮೇಲೆ ಹಾಯಲಿಲ್ಲ. ಮೂಗಿಗೆ ಮುಟ್ಟಿಸಿದರೆ ಮಾತ್ರ ಮೆಲ್ಲಗೆ ಬಂತು. ಅಷ್ಟು ಹೊತ್ತಿಗೆ ನನಗೂ ಸ್ವಲ್ಪ ಅಭ್ಯಾಸವಾಗಿತ್ತು: ಹಚ್ಚುವ ಮೊದಲೇ ಮನೆ ತುಂಬುವ ಗಂಧವನ್ನು ನಾನು ಈಗ ನಂಬುವುದಿಲ್ಲ.

ಇದನ್ನೂ ಹೇಳಬೇಕು. ಗಂಧದೆಣ್ಣೆಯ ಪರಿಮಳವೇ ಬೇರೆ, ಗಂಧದ ಮರ ಸುಡುವ ಪರಿಮಳವೇ ಬೇರೆ. ಸುಟ್ಟಾಗ ಮರ ಮರವೇ. ಹೊಗೆಯ ಒಗರು ಇರುತ್ತದೆ, ಸಾಬೂನಿನ ನುಣುಪು ಇರುವುದಿಲ್ಲ. ಸೋಪಿನ ಪರಿಮಳವನ್ನು ಮನಸ್ಸಿನಲ್ಲಿಟ್ಟುಕೊಂಡು ಒಳ್ಳೆಯ ಕಡ್ಡಿ ಹಚ್ಚಿದವರಿಗೆ ಮೊದಲ ಸಲ ನಿರಾಸೆಯಾಗುತ್ತದೆ. ನನಗೂ ಆಯಿತು. ಎರಡನೆಯ ದಿನ ಕಡ್ಡಿ ಹಚ್ಚಿ, ಅದು ಆರಿದ ಹತ್ತು ನಿಮಿಷದ ಮೇಲೆ ಕೋಣೆಗೆ ಹೋದೆ. ಆಗ ಗೊತ್ತಾಯಿತು. ಹೊಗೆ ಹೋದ ಮೇಲೆ ಉಳಿದದ್ದೇ ಗಂಧ.

ಹೊಗೆ ಹೊಗೆಯೇ ಎಂಬುದನ್ನು ಮರೆಯುವ ಹಾಗಿಲ್ಲ, ಅದು ಶ್ರೀಗಂಧದ್ದಾದರೂ ಸರಿ. ನಮ್ಮ ಗುಡ್ಡದ ಮೇಲಿನ ಚಾಳುಗಳಲ್ಲಿ ಹತ್ತಡಿಯ ಕೋಣೆಯಲ್ಲಿ ಐದು ಜನ ಮಲಗುತ್ತಾರೆ. ಅಲ್ಲಿಯೇ ಅಡುಗೆ, ಅಲ್ಲಿಯೇ ದೇವರು. ಮಳೆಗೆ ಕಿಟಕಿ ಮುಚ್ಚಿ ಮೂರು ಮೂರು ಕಡ್ಡಿ ಹಚ್ಚಿದರೆ ಮಕ್ಕಳ ಎದೆಗೆ ಒಳ್ಳೆಯದಾಗುವುದಿಲ್ಲ. ಕೆಲವು ಕಡ್ಡಿಗಳಿಗೆ ಸೊಳ್ಳೆ ಓಡಿಸುವ ಕೀಟನಾಶಕ ಬೆರೆಸುವುದೂ ಇತ್ತು. 2025ರ ಕೊನೆಯಲ್ಲಿ ಭಾರತೀಯ ಮಾನಕ ಬ್ಯೂರೋ ಊದುಬತ್ತಿಗೆಂದೇ ಒಂದು ಮಾನದಂಡ ಹೊರಡಿಸಿ, ಅಂಥ ಕೀಟನಾಶಕಗಳನ್ನೂ ಕೆಲವು ಕೃತಕ ಸುಗಂಧಗಳನ್ನೂ ಬೆರೆಸಬಾರದೆಂದು ಹೇಳಿದೆ. ಪೊಟ್ಟಣದ ಮೇಲೆ ಒಳಗಿರುವ ವಸ್ತುಗಳ ಪಟ್ಟಿಯೂ ಬರಲಿ ಎಂಬುದು ನನ್ನ ಆಸೆ. ಬಿಸ್ಕತ್ತಿನ ಪೊಟ್ಟಣಕ್ಕೆ ಇರುವ ನಿಯಮ, ದಿನಾ ಉಸಿರಾಡುವ ಕಡ್ಡಿಗೆ ಯಾಕಿರಬಾರದು?

ಹತ್ತು ಕಡ್ಡಿಗೆ ಇನ್ನೂರೈವತ್ತು ಎಂದರೆ ದಿನಕ್ಕೆ ಇಪ್ಪತ್ತೈದು ರೂಪಾಯಿ. ಭಾಂಡುಪ್‌ನ ಹೆಚ್ಚಿನ ಮನೆಗಳಿಗೆ ಅದು ಹಾಲಿನ ದುಡ್ಡು. ನಮಗೂ ದಿನವೂ ಸಾಧ್ಯವಿಲ್ಲ. ಹಾಗಾಗಿ ಈಗ ನಮ್ಮಲ್ಲಿ ಶುಕ್ರವಾರ ಮತ್ತು ಏಕಾದಶಿಗೆ ಮಾತ್ರ ಕಡ್ಡಿ, ಅದೂ ಅರ್ಧ. ಅರ್ಧ ಉರಿದ ಮೇಲೆ ತುದಿಯನ್ನು ಅಕ್ಕಿಯ ಬಟ್ಟಲಿನಲ್ಲಿ ಒತ್ತಿ ಆರಿಸಿ, ಮುಂದಿನ ಸಲಕ್ಕೆ ಇಡುತ್ತೇನೆ. ಮಳೆ ಇದ್ದರೂ ಆ ಹೊತ್ತು ಕಿಟಕಿ ಅರ್ಧ ತೆರೆದಿರುತ್ತದೆ. ಉಳಿದ ದಿನ ದೀಪ ಒಂದೇ. ಪೊಟ್ಟಣ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಕೊರಡಿನ ಪಕ್ಕ; ಇಲ್ಲದಿದ್ದರೆ ಈ ಊರಿನ ತೇವ ಎರಡು ವಾರದಲ್ಲಿ ಅದನ್ನು ಕೆಡಿಸುತ್ತದೆ.

ಊರಿಗೆ ಹೋಗುವಾಗ ಈ ಸಲ ಮೈಸೂರಿನ ಮೇಲೆ ಹೋಗಿ, ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ರಶೀದಿ ಸಮೇತ ಒಂದು ಕೊರಡು ಕೊಳ್ಳುವ ಯೋಚನೆಯಿದೆ. ಅತ್ತೆಯದು ಇನ್ನು ಒಂದೆರಡು ವರ್ಷಕ್ಕೆ ಮುಗಿಯುತ್ತದೆ. ಅದನ್ನು ಪೂರ್ತಿ ತೇಯಲು ನನಗೆ ಮನಸ್ಸಿಲ್ಲ, ದೇವರಿಗೆ ಇಡದೆ ಉಳಿಸಿಕೊಳ್ಳಲು ಅತ್ತೆಗೆ ಮನಸ್ಸಿಲ್ಲ.

ಮಾಟುಂಗದ ಕಡ್ಡಿಯನ್ನು ಮೊದಲ ಶುಕ್ರವಾರ ಹಚ್ಚಿದ ದಿನ ನಾನು ಏನೂ ಹೇಳದೆ ಅಡುಗೆಮನೆಗೆ ಹೋಗಿ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಕರೆದರು. ಕಣ್ಣು ಮುಚ್ಚಿಕೊಂಡೇ ಕೂತಿದ್ದರು.

"ಎಲ್ಲಿಂದ ತಂದದ್ದು?"

"ಮಾಟುಂಗದಿಂದ, ಅತ್ತೆ."

ಇನ್ನೊಮ್ಮೆ ಮೂಗೆಳೆದರು. "ಸ್ವಲ್ಪ ಉಂಟು," ಅಂದರು.